ನೆನಪು ಮೊದಲೋ, ವೇಷ ಮೊದಲೋ?

ಮಕ್ಕಳೇ, ಒಬ್ಬರೇ ಕುಳಿತು ಇಬ್ಬರ ಸಂಗೀತ ನುಡಿಸಲು ಸಾಧ್ಯವೇ? “ಇರುವುದು ಎರಡೇ ಕೈ, ಅದು ಹೇಗೆ ಸಾಧ್ಯ?” ಎಂದು ನೀವು ಕೇಳಬಹುದು. ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನೀವು ಈಗಷ್ಟೇ ನುಡಿಸಿದ್ದನ್ನು ಯಾರಾದರೂ ನೆನಪಿಟ್ಟುಕೊಂಡು, ಸ್ವಲ್ಪವೂ ತಪ್ಪದೆ ಮತ್ತೆ ಮತ್ತೆ ನುಡಿಸುತ್ತಾ ಹೋದರೆ? ಆಗ ಅದರ ಜೊತೆಯಲ್ಲಿ ನೀವು ಬೇರೊಂದನ್ನು ನುಡಿಸಬಹುದು. ಆ ಎರಡರ ಮೇಲೆ ಮೂರನೆಯದನ್ನೂ ಸೇರಿಸಬಹುದು.

ಹೀಗೆ ನೆನಪಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಯೊಂದು ನನ್ನ ಮನೆಯಲ್ಲಿದೆ. ನಿಮ್ಮ ಕಂಪಾಸ್ ಪೆಟ್ಟಿಗೆಗಿಂತ ಸ್ವಲ್ಪ ದಪ್ಪ, ಅಷ್ಟೆ. ಹೆಸರು ಲೂಪರ್ ಪೆಡಲ್. ಕೈಗಳು ಗಿಟಾರಿನ ಮೇಲೆ ಇರುವುದರಿಂದ ಇದನ್ನು ಕಾಲಿನಿಂದ ಒತ್ತಬೇಕು. ಒಮ್ಮೆ ಒತ್ತಿದರೆ ಕೇಳಿಸಿಕೊಳ್ಳಲು ಶುರುಮಾಡುತ್ತದೆ. ಮತ್ತೊಮ್ಮೆ ಒತ್ತಿದರೆ, ಅಷ್ಟು ಹೊತ್ತು ಕೇಳಿದ್ದನ್ನು ಸುತ್ತಿ ಸುತ್ತಿ ನುಡಿಸತೊಡಗುತ್ತದೆ. ಇನ್ನೊಮ್ಮೆ ಒತ್ತಿದರೆ, ನುಡಿಸುತ್ತಲೇ ಹೊಸದನ್ನೂ ಸೇರಿಸಿಕೊಳ್ಳುತ್ತದೆ.

ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇದೆ. ಅದರ ಹೆಸರು ಆಂಪ್ ಮಾಡೆಲರ್. ಅದು ಗಿಟಾರಿನ ದನಿಗೆ ವೇಷ ಹಾಕುತ್ತದೆ. ಮೆತ್ತಗಿನ ದನಿ, ಗುಡುಗುವ ದನಿ, ದೊಡ್ಡ ಸಭಾಂಗಣದಲ್ಲಿ ಮೊಳಗುವ ದನಿ, ಹೀಗೆ ಏನು ಬೇಕಾದರೂ ಸರಿ.

ಒಂದು ನೆನಪಿನ ಪೆಟ್ಟಿಗೆ, ಒಂದು ವೇಷದ ಪೆಟ್ಟಿಗೆ. ಗಿಟಾರಿನಿಂದ ಹೊರಟ ವೈರು ಮೊದಲು ಯಾವುದರೊಳಗೆ ಹೋಗಬೇಕು? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ, ಅಲ್ಲವೇ? ನನ್ನ ಎಷ್ಟೋ ಸಂಜೆಗಳು ಇದರಲ್ಲೇ ಕಳೆದಿವೆ. ಇದರ ಉತ್ತರದಲ್ಲಿ ನೀವು ಶಾಲೆಯಲ್ಲಿ ಕಲಿಯುವ ಕೂಡುವ ಲೆಕ್ಕವೇ ಅಡಗಿದೆ. ಬನ್ನಿ, ನೋಡೋಣ.

ತಂತಿಯಿಂದ ಸಂಖ್ಯೆಗೆ

ವಿದ್ಯುತ್ ಗಿಟಾರನ್ನು ಯಂತ್ರಕ್ಕೆ ಸೇರಿಸದೆ ಮೀಟಿದರೆ ಪಕ್ಕದ ಕೋಣೆಯವರಿಗೂ ಕೇಳಿಸದು. ಸಾಮಾನ್ಯ ಗಿಟಾರಿಗಿರುವಂತೆ ಟೊಳ್ಳು ಹೊಟ್ಟೆ ಇದರಲ್ಲಿ ಹೆಚ್ಚಾಗಿ ಇರುವುದಿಲ್ಲ. ಬದಲಿಗೆ, ಉಕ್ಕಿನ ತಂತಿಗಳ ಕೆಳಗೆ ಪುಟ್ಟ ಅಯಸ್ಕಾಂತಗಳಿವೆ. ಅವುಗಳ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಅಯಸ್ಕಾಂತ ಕ್ಷೇತ್ರ ಅಲುಗುತ್ತದೆ. ಆಗ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವ ಇದೇ. ಅಣೆಕಟ್ಟೆಯಲ್ಲಿ ವಿದ್ಯುತ್ ತಯಾರಾಗುವುದೂ ಇದೇ ತತ್ತ್ವದಿಂದ. ಅಲ್ಲಿ ತಿರುಗಿಸುವುದು ನೀರು, ಇಲ್ಲಿ ಅಲುಗಿಸುವುದು ಬೆರಳು. ನೈಲಾನ್ ತಂತಿ ಕಟ್ಟಿದರೆ ಈ ಗಿಟಾರು ಮೂಕವಾಗುತ್ತದೆ. ಏಕೆ ಎಂದು ನೀವೇ ಹೇಳಬಲ್ಲಿರಿ.

ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಅತಿ ತೆಳು ತಂತಿ ಸುಮಾರು 330 ಬಾರಿ. ವಿದ್ಯುತ್ತೂ ಅಷ್ಟೇ ಬಾರಿ ಏರಿಳಿಯುತ್ತದೆ. ಇದು ಪೆಟ್ಟಿಗೆಯೊಳಗೆ ಹೋದಾಗ, ಅಲ್ಲಿ ಅಳೆಯುವ ಕೆಲಸ ನಡೆಯುತ್ತದೆ. ಶಾಲೆಯಲ್ಲಿ ದಿನಕ್ಕೊಮ್ಮೆ ಉಷ್ಣತೆ ಅಳೆದು ನಕ್ಷಾ ಹಾಳೆಯ ಮೇಲೆ ಚುಕ್ಕಿ ಇಡುವುದಿಲ್ಲವೇ? ಪೆಟ್ಟಿಗೆಯೂ ಹಾಗೇ ಚುಕ್ಕಿ ಇಡುತ್ತದೆ. ಆದರೆ ಒಂದು ಸೆಕೆಂಡಿಗೆ 44,100 ಚುಕ್ಕಿ! ಕೆಲವು ಯಂತ್ರಗಳು 48,000 ಚುಕ್ಕಿ ಇಡುತ್ತವೆ.

ಇಷ್ಟು ಅವಸರ ಏಕೆ? ಚುರುಕು ಕಿವಿಯ ಮನುಷ್ಯರಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ಒಂದು ಅಲೆ ಮೇಲೆ ಹೋಗಿದ್ದನ್ನೂ ಕೆಳಗೆ ಬಂದಿದ್ದನ್ನೂ ಹಿಡಿಯಲು ಒಂದು ಕಂಪನಕ್ಕೆ ಎರಡಕ್ಕಿಂತ ಹೆಚ್ಚು ಚುಕ್ಕಿ ಬೇಕು. 20,000ವನ್ನು ಎರಡರಿಂದ ಗುಣಿಸಿ, ಸ್ವಲ್ಪ ಕೈಬಿಚ್ಚಿ ಇಟ್ಟುಕೊಂಡರೆ ಈ ಸಂಖ್ಯೆಯ ಹತ್ತಿರ ಬರುತ್ತೀರಿ.

ಒಂದು ಆವರ್ತ ಎಂದರೆ ಎಷ್ಟು?

ಆದಿತಾಳದ ಒಂದು ಆವರ್ತಕ್ಕೆ 8 ಎಣಿಕೆ. ನಿಮಿಷಕ್ಕೆ 80 ಎಣಿಕೆಯ ವೇಗದಲ್ಲಿ ತಾಳ ಹಾಕಿದರೆ, ಒಂದು ಎಣಿಕೆಗೆ ಮುಕ್ಕಾಲು ಸೆಕೆಂಡು, ಇಡೀ ಆವರ್ತಕ್ಕೆ 6 ಸೆಕೆಂಡು. ಲೂಪರ್ ಅಷ್ಟರಲ್ಲಿ ಬರೆದಿಟ್ಟುಕೊಳ್ಳುವ ಸಂಖ್ಯೆಗಳು 6 × 44,100, ಅಂದರೆ 2,64,600. ಕೊನೆಯ ಸಂಖ್ಯೆ ಮುಗಿದ ತಕ್ಷಣ ಅದು ಮೊದಲನೆಯದಕ್ಕೆ ಹಾರುತ್ತದೆ. ಲೂಪ್ ಎಂದರೆ ಕುಣಿಕೆ, ಉಂಗುರ. ಉಂಗುರಕ್ಕೆ ಕೊನೆಯೆಲ್ಲಿ?

ಈಗ ಕಾಲಿನ ಕಡೆ ಗಮನ ಕೊಡಿ. ನೀವು ಎರಡನೆಯ ಬಾರಿ ಒತ್ತುವಾಗ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಯಿತು ಎಂದುಕೊಳ್ಳಿ. ಉಂಗುರ 6.1 ಸೆಕೆಂಡಿನದಾಯಿತು. 4,410 ಸಂಖ್ಯೆಗಳು ಹೆಚ್ಚಾಗಿ ಸೇರಿದವು. ಪಕ್ಕದಲ್ಲಿ ಒಬ್ಬರು ಸರಿಯಾದ ತಾಳ ಹಾಕುತ್ತಾ ಕುಳಿತಿದ್ದರೆ ಏಳು ಸುತ್ತು ಮುಗಿಯುವಷ್ಟರಲ್ಲಿ ಲೂಪರ್ 0.7 ಸೆಕೆಂಡು ಹಿಂದೆ ಬಿದ್ದಿರುತ್ತದೆ. ಹೆಚ್ಚುಕಡಿಮೆ ಒಂದು ಪೂರ್ತಿ ಎಣಿಕೆಯೇ ತಪ್ಪಿತು! ಲೂಪರ್ ಕಲಿಯುವವರು ಬೆರಳಿಗಿಂತ ಹೆಚ್ಚಾಗಿ ಕಾಲನ್ನು ಪಳಗಿಸಬೇಕು ಎನ್ನುವುದು ಇದಕ್ಕೇ.

2025ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಬೆಂಗಳೂರಿಗೆ ಬಂದಿದ್ದರು. ದೊಡ್ಡ ಬಯಲಿನಲ್ಲಿ ಕಿಕ್ಕಿರಿದ ಜನರ ಮುಂದೆ ಒಂದು ಗಿಟಾರು ಮತ್ತು ಕಾಲಿನಡಿಯ ಲೂಪರ್ ಇಟ್ಟುಕೊಂಡು ಹಾಡಿದರು. ಗಿಟಾರಿನ ಹೊಟ್ಟೆ ತಟ್ಟಿ ತಾಳ, ಅದರ ಮೇಲೆ ತಂತಿ, ಅದರ ಮೇಲೆ ದನಿ. ಎಲ್ಲವನ್ನೂ ಅಲ್ಲೇ ಒಂದೊಂದಾಗಿ ಕಟ್ಟುವುದು ಅವರ ಪದ್ಧತಿ.

ಸಂಖ್ಯೆಗಳು ಬರುವ ಮೊದಲು ಈ ಕೆಲಸವನ್ನು ಟೇಪು ಮಾಡುತ್ತಿತ್ತು. ಕ್ಯಾಸೆಟ್ ಎಂದರೇನು ಎಂದು ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಹೇಳುತ್ತಾರೆ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಗಾಯಕಿ ಮೇರಿ ಫೋರ್ಡ್ 1951ರ ಹೊತ್ತಿಗೇ ಟೇಪಿನ ಮೇಲೆ ಪದರ ಪದರವಾಗಿ ತಮ್ಮದೇ ಸಂಗೀತವನ್ನು ಸೇರಿಸಿ, ಇಬ್ಬರೇ ಒಂದು ತಂಡದಂತೆ ಕೇಳಿಸುತ್ತಿದ್ದರು. ಹೊಸ ಪದರ ಸೇರಿಸಿದಾಗ ಹಳೆಯದು ಅದರಲ್ಲೇ ಬೆರೆತು ಹೋಗುತ್ತಿತ್ತು. ಎಲ್ಲೋ ಒಂದು ಸ್ವರ ತಪ್ಪಿದರೆ ಮತ್ತೆ ಒಂದರಿಂದ ಆರಂಭ!

ಬ್ರಿಟನ್ನಿನ ರಾಬರ್ಟ್ ಫ್ರಿಪ್ ಮತ್ತು ಬ್ರಯಾನ್ ಈನೋ 1973ರಲ್ಲಿ ಹೊರತಂದ ಧ್ವನಿಮುದ್ರಿಕೆಗೆ ಎರಡು ಟೇಪ್ ರೆಕಾರ್ಡರುಗಳನ್ನು ಬಳಸಿದ್ದರು. ಒಂದು ಯಂತ್ರ ಬರೆಯುತ್ತದೆ, ಅದೇ ಟೇಪು ಓಡುತ್ತಾ ಎರಡನೆಯ ಯಂತ್ರಕ್ಕೆ ಹೋಗಿ ಅಲ್ಲಿ ನುಡಿಯುತ್ತದೆ. ಆ ನುಡಿ ಮತ್ತೆ ಮೊದಲನೆಯದಕ್ಕೆ ಬರುತ್ತದೆ. ಯಂತ್ರಗಳ ನಡುವಿನ ದೂರವೇ ಆವರ್ತದ ಉದ್ದ! ಸೆಕೆಂಡಿಗೆ 19 ಸೆಂ.ಮೀ. ಓಡುವ ಟೇಪಾದರೆ ನಮ್ಮ 6 ಸೆಕೆಂಡಿನ ಆವರ್ತಕ್ಕೆ 114 ಸೆಂ.ಮೀ. ದೂರ ಬೇಕು. ಪ್ರತಿ ಸುತ್ತಿಗೂ ಟೇಪಿನ ದನಿ ಸ್ವಲ್ಪ ಮಸುಕಾಗುತ್ತಿತ್ತು. ಸಂಖ್ಯೆ ಹಾಗಲ್ಲ, 3 ಎಂದು ಬರೆದಿಟ್ಟರೆ ಸಾವಿರ ಸುತ್ತಿನ ನಂತರವೂ 3 ಆಗಿಯೇ ಇರುತ್ತದೆ. ಆದರೂ ಆ ಮಸುಕಿನಲ್ಲಿ ಒಂದು ಚೆಂದವಿದೆ ಎನ್ನುವವರಲ್ಲಿ ನಾನೂ ಒಬ್ಬ.

ವೇಷ ಹಾಕುವ ಲೆಕ್ಕ

ಈಗ ಎರಡನೆಯ ಪೆಟ್ಟಿಗೆಗೆ ಬರೋಣ. ಗಿಟಾರಿನ ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುವ ಯಂತ್ರವೇ ಆಂಪ್ಲಿಫೈಯರ್. ಹಳೆಯ ಆಂಪ್ಲಿಫೈಯರುಗಳಲ್ಲಿ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳು ಇರುತ್ತಿದ್ದವು. ಈಗಲೂ ಅಂಥವನ್ನು ತಯಾರಿಸುತ್ತಾರೆ. ದೊಡ್ಡ ಪೆಟ್ಟಿಗೆ ಎತ್ತಲು ಇಬ್ಬರು ಬೇಕು. ವಾಲ್ವಿಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟರೆ ಅಲೆಯ ನೆತ್ತಿಯನ್ನು ಅದು ಪೂರ್ತಿ ಎತ್ತಲಾರದು. ನೆತ್ತಿ ಚಪ್ಪಟೆಯಾಗುತ್ತದೆ. ಹೀಗೆ ಚಪ್ಪಟೆಯಾದ ಅಲೆ ಕಿವಿಗೆ ಒರಟಾಗಿ, ಗರಗರ ಎಂದು ಕೇಳಿಸುತ್ತದೆ. ಆಶ್ಚರ್ಯವೆಂದರೆ, ಜನರಿಗೆ ಈ ಗರಗರ ಬಹಳ ಇಷ್ಟವಾಯಿತು!

ಇದನ್ನೆಲ್ಲ ಲೆಕ್ಕದಿಂದಲೇ ಮಾಡಿದರೆ ಹೇಗೆ? ಅಮೆರಿಕದ ಲೈನ್ ಸಿಕ್ಸ್ ಎಂಬ ಕಂಪನಿ 1996ರಲ್ಲಿ ಅಂಥದೊಂದು ಆಂಪ್ಲಿಫೈಯರನ್ನು, 1998ರಲ್ಲಿ ಪಾಡ್ ಎಂಬ ಪುಟ್ಟ ಮಾಡೆಲರನ್ನು ತಂದಿತು. ಪಾಡ್ ನೋಡಲು ಕೆಂಪು ಅವರೆ ಬೀಜದ ಆಕಾರದಲ್ಲಿತ್ತು. ಒಳಗೆ ವಾಲ್ವು ಇಲ್ಲ. ಬಂದ ಸಂಖ್ಯೆಗಳನ್ನು ವಾಲ್ವು ಹೇಗೆ ಬದಲಿಸುತ್ತಿತ್ತೋ ಹಾಗೆಯೇ ಬದಲಿಸಿ ಹೊರಗೆ ಕಳಿಸುವ ಗಣಕ ಮಾತ್ರ ಇತ್ತು.

ಸ್ಪೀಕರ್ ಪೆಟ್ಟಿಗೆಯ ಅನುಕರಣೆ ಇನ್ನೂ ಸ್ವಾರಸ್ಯದ್ದು. ಬೆಂಚುಗಳಿಲ್ಲದ ಖಾಲಿ ಕೊಠಡಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ. ಆಮೇಲೆ ಮಕ್ಕಳು ತುಂಬಿದ ತರಗತಿಯಲ್ಲಿ ತಟ್ಟಿ. ಕಣ್ಣು ಮುಚ್ಚಿದ್ದರೂ ಯಾವುದು ಯಾವ ಕೊಠಡಿ ಎಂದು ಹೇಳುತ್ತೀರಿ. ಒಂದೇ ‘ಟಪ್’ ಸಾಕು, ಕೊಠಡಿಯ ಗುಣ ಬಯಲಾಗುತ್ತದೆ. ಎಂಜಿನಿಯರುಗಳೂ ನಿಜವಾದ ಸ್ಪೀಕರಿಗೆ ಒಂದು ಗೊತ್ತಾದ ಸದ್ದು ಕೊಟ್ಟು, ಹೊರಬಂದದ್ದನ್ನು ಮೈಕಿನಿಂದ ಹಿಡಿದು, ಆ ಗುಣವನ್ನು ಸಂಖ್ಯೆಗಳ ಪಟ್ಟಿಯಾಗಿ ಬರೆದಿಡುತ್ತಾರೆ. ಮಾಡೆಲರ್ ಆ ಪಟ್ಟಿಯನ್ನು ನಿಮ್ಮ ಗಿಟಾರಿನ ಸಂಖ್ಯೆಗಳ ಜೊತೆ ಸೇರಿಸಿ ಲೆಕ್ಕ ಮಾಡುತ್ತದೆ. ಇಡೀ ಲೆಕ್ಕಕ್ಕೆ ಹಿಡಿಯುವುದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಾಗಾದರೆ ಸಾವಿರದ ಮೂರು ಭಾಗದಲ್ಲಿ ಸುಮಾರು ಒಂದು ಮೀಟರ್. ಅಂದರೆ ಈ ತಡ ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಷ್ಟೇ.

ಮೂರು ಮತ್ತು ನಾಲ್ಕು

ಈಗ ಮುಖ್ಯ ಪ್ರಶ್ನೆ. ಗಿಟಾರಿನ ನಂತರ ಮೊದಲು ಲೂಪರೋ, ಮಾಡೆಲರೋ? ಒಂದು ಪೆನ್ಸಿಲ್ ತೆಗೆದುಕೊಳ್ಳಿ.

ಮಾಡೆಲರಿನ ಗರಗರ ಹುಟ್ಟಿಸುವ ನಿಯಮ ಹೀಗಿದೆ ಎಂದುಕೊಳ್ಳೋಣ: “5ಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಕತ್ತರಿಸಿ 5 ಮಾಡು.” ಲೂಪರಿನಲ್ಲಿ ಎರಡು ಪದರಗಳಿವೆ. ಒಂದು ಕ್ಷಣದಲ್ಲಿ ಮೊದಲ ಪದರದ ಸಂಖ್ಯೆ 3, ಎರಡನೆಯದರದು 4.

ಮಾಡೆಲರ್ ಮೊದಲಿದ್ದರೆ, ಪದರಗಳು ಒಂದೊಂದಾಗಿ ಕತ್ತರಿಯ ಮುಂದೆ ಬರುತ್ತವೆ. 3 ಹಾಗೇ ದಾಟಿತು, 4 ಕೂಡ ದಾಟಿತು. ಆಮೇಲೆ ಲೂಪರ್ ಕೂಡಿಸಿತು: 7. ಲೂಪರ್ ಮೊದಲಿದ್ದರೆ? ಅದು 3 ಮತ್ತು 4ನ್ನು ಕೂಡಿಸಿ 7 ಮಾಡಿ ಕಳಿಸಿತು. ಕತ್ತರಿ ಅದನ್ನು 5 ಮಾಡಿತು. ಒಂಟಿಯಾಗಿ ಬಂದಾಗ ಯಾರಿಗೂ ಪೆಟ್ಟಾಗಲಿಲ್ಲ, ಒಟ್ಟಿಗೆ ಬಂದಾಗ ಇಬ್ಬರಿಗೂ ಪೆಟ್ಟು!

ಇದೇ ಲೆಕ್ಕವನ್ನು “ಬಂದದ್ದನ್ನು ಎರಡರಷ್ಟು ಮಾಡು” ಎಂಬ ನಿಯಮದಿಂದ ಮಾಡಿ. 3 ಆರಾಯಿತು, 4 ಎಂಟಾಯಿತು, ಕೂಡಿದರೆ 14. ಮೊದಲೇ ಕೂಡಿದರೆ 7, ಅದರ ಎರಡರಷ್ಟು 14. ಇಲ್ಲಿ ಯಾರು ಮೊದಲಾದರೂ ಒಂದೇ. ಹಾಗಾಗಿ ದನಿಯನ್ನು ಬರೀ ಜೋರು ಮಾಡುವ ಪೆಟ್ಟಿಗೆಯಾದರೆ ಎಲ್ಲಿಟ್ಟರೂ ಚಿಂತೆಯಿಲ್ಲ. ಕತ್ತರಿಸುವ ಪೆಟ್ಟಿಗೆಯಾದರೆ ಮಾತ್ರ ಸರದಿ ಮುಖ್ಯ.

ಕಿವಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕತ್ತರಿಗೆ ಎರಡು ಸ್ವರ ಒಟ್ಟಿಗೆ ಸಿಕ್ಕರೆ, ನಾವು ನುಡಿಸದ ಹೊಸ ಸ್ವರಗಳೂ ಹುಟ್ಟಿಕೊಳ್ಳುತ್ತವೆ. ಸೆಕೆಂಡಿಗೆ 110 ಮತ್ತು 139 ಕಂಪನಗಳ ಎರಡು ಸ್ವರಗಳಿದ್ದರೆ, ಅವುಗಳ ವ್ಯತ್ಯಾಸವಾದ 29, ಮೊತ್ತವಾದ 249, ಹೀಗೆ ಕರೆಯದ ಅತಿಥಿಗಳು ಬಂದು ಕೂರುತ್ತಾರೆ. ಮೂರು ನಾಲ್ಕು ಪದರ ಸೇರಿದರೆ ದನಿ ಹೆಚ್ಚೇನೂ ಜೋರಾಗದೆ, ಬರೀ ಕಲಸಿಹೋಗುತ್ತದೆ. ಅಕ್ಕಿ ದೋಸೆ, ರಾಗಿ ದೋಸೆ ಎರಡನ್ನೂ ಬೇರೆ ಬೇರೆ ಹುಯ್ದು ಒಂದರ ಮೇಲೊಂದು ಇಟ್ಟರೆ ಎರಡರ ರುಚಿಯೂ ಸಿಗುತ್ತದೆ. ಹಿಟ್ಟುಗಳನ್ನೇ ಕಲಸಿ ಹುಯ್ದರೆ ಬರುವುದು ಮೂರನೆಯ ದೋಸೆ. ಅದೂ ಕೆಲವೊಮ್ಮೆ ರುಚಿಯೇ, ಬೇಡವೆನ್ನಲಾರೆ.

“ಹಾಗಾದರೆ ಮಾಡೆಲರ್ ಮೊದಲು, ಲೂಪರ್ ಆಮೇಲೆ. ಮುಗಿಯಿತಲ್ಲ?” ಎನ್ನುತ್ತೀರೇನೋ. ಸ್ವಲ್ಪ ತಾಳಿ.

ನನಗೊಬ್ಬ ಗೆಳೆಯನಿದ್ದಾನೆ. ಹನ್ನೊಂದು ವರ್ಷ ನಾವಿಬ್ಬರೂ ಶನಿವಾರದ ಸಂಜೆ ಒಟ್ಟಿಗೆ ನುಡಿಸುತ್ತಿದ್ದೆವು. ಕೆಲಸದ ಮೇಲೆ ಅವನು ಮಸ್ಕತ್ತಿಗೆ ಹೊರಟ. ಹೋಗುವ ಹಿಂದಿನ ದಿನ ನನ್ನ ಲೂಪರಿನಲ್ಲಿ ಎರಡು ಆವರ್ತ ನುಡಿಸಿಟ್ಟು, “ಇದನ್ನ ಅಳಿಸಬೇಡ ಕಣೋ” ಎಂದ. ಮೊದಲನೆಯದನ್ನು ಲೂಪರ್ ಮುಂದಿಟ್ಟು ನುಡಿಸಿದ್ದ. ಎರಡನೆಯದನ್ನು ಮಾಡೆಲರ್ ಮುಂದಿಟ್ಟು ನುಡಿಸಿದ್ದ. ಅಷ್ಟು ಹೊತ್ತಿಗೆ ಅವನಿಗೂ ಈ ಸರದಿಯ ಹುಚ್ಚು ಹಿಡಿದಿತ್ತು!

ಮೊದಲನೆಯದರಲ್ಲಿ ಅವನ ಬೆರಳು ಮಾತ್ರ ಇದೆ, ವೇಷವಿಲ್ಲ. ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ಫೋಟೋ ತೆಗೆದಂತೆ. ಕೈ ಜರುಗುವಾಗ ತಂತಿ ‘ಕಿರ್’ ಎನ್ನುವುದೂ ಅದರಲ್ಲಿದೆ. ಅದಕ್ಕೆ ನಾನು ದಿನಕ್ಕೊಂದು ವೇಷ ಹಾಕಬಹುದು. ಬೆಳಿಗ್ಗೆ ಮೆತ್ತಗೆ, ಸಂಜೆ ಗಡುಸಾಗಿ. ಆದರೆ ಅವನ ಆವರ್ತವೂ ನನ್ನ ಗಿಟಾರೂ ಒಂದೇ ಕತ್ತರಿಯ ಮುಂದೆ ಬರಬೇಕು. ನನಗೆ ಗರಗರ ಬೇಕೆಂದರೆ ಅವನಿಗೂ ಗರಗರವೇ. ಮೂರು, ನಾಲ್ಕರ ಲೆಕ್ಕ ಅಲ್ಲಿ ಶುರುವಾಗುತ್ತದೆ.

ಎರಡನೆಯದು ವೇಷದೊಂದಿಗೇ ಇದೆ. ನನ್ನ ದನಿಯನ್ನು ಎಷ್ಟು ಬದಲಿಸಿದರೂ ಅವನದು ಅಲುಗುವುದಿಲ್ಲ. ಇಬ್ಬರು ಕುಳಿತು ನುಡಿಸಿದಂತೆಯೇ ಬೇರೆ ಬೇರೆಯಾಗಿ ಕೇಳಿಸುತ್ತದೆ. ಆದರೆ ಆ ವೇಷ ಕಳಚುವಂತಿಲ್ಲ. ಏಕೆ? ಮತ್ತೆ ಲೆಕ್ಕಕ್ಕೆ ಬನ್ನಿ. ಎರಡರಷ್ಟು ಮಾಡಿದ ಸಂಖ್ಯೆ 14 ಆಗಿದ್ದರೆ ಮೊದಲು 7 ಇತ್ತು ಎಂದು ಅರ್ಧ ಮಾಡಿ ಹೇಳಬಹುದು. ಕತ್ತರಿಸಿದ ಸಂಖ್ಯೆ 5 ಆಗಿದ್ದರೆ? ಮೊದಲು ಇದ್ದದ್ದು 6 ಇರಬಹುದು, 7 ಇರಬಹುದು, 9 ಇರಬಹುದು. ಹಿಂದಕ್ಕೆ ಹೋಗುವ ದಾರಿಯೇ ಇಲ್ಲ.

ಆ ವೇಷಕ್ಕೆ ಮಾಡೆಲರಿನ ಯಾವ ತಿರುಗುಗುಂಡಿಯನ್ನು ಎಷ್ಟಕ್ಕೆ ಇಟ್ಟಿದ್ದ ಎಂದು ಫೋನಿನಲ್ಲಿ ಕೇಳಿದೆ. ಅವನಿಗೂ ನೆನಪಿಲ್ಲ. ಅವನು ಇಷ್ಟಪಟ್ಟು ಹೊಂದಿಸಿಕೊಂಡಿದ್ದ ಆ ದನಿ ಈಗ ಉಳಿದಿರುವುದು ಆ ಆವರ್ತದಲ್ಲಿ ಮಾತ್ರ. ಮೊದಲನೆಯದರಲ್ಲಿ ಅದು ಇಲ್ಲವೇ ಇಲ್ಲ. ಒಂದರಲ್ಲಿ ಬೆರಳು ಪೂರ್ತಿಯಾಗಿ ಉಳಿದಿದೆ, ಇನ್ನೊಂದರಲ್ಲಿ ಅವನ ಮನಸ್ಸಿನ ಆಯ್ಕೆ ಉಳಿದಿದೆ. ಜೊತೆಗೆ ನುಡಿಸಲು ನಾನು ಎರಡನೆಯದನ್ನು ಹಾಕಿಕೊಳ್ಳುತ್ತೇನೆ. ಜೋಪಾನ ಮಾಡುವ ಮಾತು ಬಂದರೆ ಮಾತ್ರ ಮೊದಲನೆಯದೇ ಮೇಲು ಎಂದು ನನ್ನ ಅನಿಸಿಕೆ. ಏಕೆಂದರೆ ಅದರಲ್ಲಿ ಇನ್ನೂ ಏನನ್ನೂ ಕತ್ತರಿಸಿಲ್ಲ. ಅವನು ಇದನ್ನು ಒಪ್ಪುವುದಿಲ್ಲ.

ಇಂದಿನ ಹಲವು ಮಾಡೆಲರುಗಳ ಒಳಗೇ ಲೂಪರ್ ಇರುತ್ತದೆ. ವೇಷದ ಮೊದಲೋ ನಂತರವೋ ಎಲ್ಲಿ ಬೇಕಾದರೂ ಅದನ್ನು ಜರುಗಿಸಬಹುದು. ವೈರು ಕಿತ್ತು ಚುಚ್ಚುವ ಕೆಲಸ ತಪ್ಪಿತು. ಆದರೆ ಒಮ್ಮೆ ಕತ್ತರಿಸಿ ಬರೆದ 5ನ್ನು ಅವೂ 7 ಮಾಡಲಾರವು.

ಇನ್ನೊಂದು ಸಂಗತಿ ಇದೆ. ಗೆಳೆಯ ಎದುರಿಗೆ ಕುಳಿತಿದ್ದಾಗ ನಾನು ಸ್ವಲ್ಪ ನಿಧಾನಿಸಿದರೆ ಅವನೂ ನಿಧಾನಿಸುತ್ತಿದ್ದ. ತಲೆ ಎತ್ತಿ ನೋಡುತ್ತಲೂ ಇರಲಿಲ್ಲ, ಹೇಗೋ ತಿಳಿಯುತ್ತಿತ್ತು. ಲೂಪರಿನಲ್ಲಿ ಇರುವ ಅವನು ನಿಧಾನಿಸುವುದಿಲ್ಲ. 6 ಸೆಕೆಂಡು ಎಂದರೆ 6 ಸೆಕೆಂಡೇ. ಹಾಗಾಗಿ ಈಗ ಅವನ ಹಿಂದೆ ಹೋಗುವವನು ನಾನೇ.

ಮಾಡಿ ನೋಡಿ

ಗಿಟಾರು, ಪೆಟ್ಟಿಗೆ ಯಾವುದೂ ಇಲ್ಲದೆ ನಿಮ್ಮ ತರಗತಿಯನ್ನೇ ಲೂಪರ್ ಮಾಡಬಹುದು. ಮೂರು ಗುಂಪು ಮಾಡಿಕೊಳ್ಳಿ. ಮೊದಲ ಗುಂಪು ಎಂಟು ಎಣಿಕೆಯ ಒಂದು ಚಪ್ಪಾಳೆಯ ಆವರ್ತ ಹಿಡಿದು ನಿಲ್ಲಿಸದೆ ತಟ್ಟುತ್ತಿರಲಿ. ನಾಲ್ಕು ಸುತ್ತಿನ ನಂತರ ಎರಡನೆಯ ಗುಂಪು ಬೆಂಚು ತಟ್ಟುತ್ತಾ ಬೇರೊಂದು ಆವರ್ತ ಸೇರಿಸಲಿ. ಮತ್ತೆ ನಾಲ್ಕು ಸುತ್ತಿನ ನಂತರ ಮೂರನೆಯ ಗುಂಪು ಬಾಯಲ್ಲಿ ‘ತಕಿಟ ತಕ’ ಹೇಳುತ್ತಾ ಸೇರಲಿ. ಒಬ್ಬರು ಗಡಿಯಾರ ಹಿಡಿದು ಮೊದಲ ನಾಲ್ಕು ಸುತ್ತಿಗೆ ಎಷ್ಟು ಸೆಕೆಂಡು, ಕೊನೆಯ ನಾಲ್ಕು ಸುತ್ತಿಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಲಿ. ಎರಡೂ ಒಂದೇ ಬಂತೇ? ಬರದಿದ್ದರೆ, ಯಾವ ಗುಂಪು ಸೇರಿದ ಮೇಲೆ ಓಟ ಶುರುವಾಯಿತು ಎಂದು ಪತ್ತೆಮಾಡಿ. ಮರುದಿನ ಒಬ್ಬರನ್ನು ಮುಂದೆ ನಿಲ್ಲಿಸಿ ಕೈಯಲ್ಲಿ ತಾಳ ಹಾಕಿಸಿ, ಅದೇ ಆಟವನ್ನು ಮತ್ತೆ ಆಡಿ ಅಳೆಯಿರಿ. ಪಕ್ಕದ ತರಗತಿಯವರಿಗೆ ಮೊದಲೇ ಹೇಳಿಬಿಡಿ, ಸದ್ದು ಸ್ವಲ್ಪ ಜೋರಾಗಿಯೇ ಆಗುತ್ತದೆ.